ಬಿಲ್ಲಿ ಸ್ಟ್ರೇಹಾರ್ನ್: ಎಲಿಂಗ್ಟನ್ ವಾದ್ಯವೃಂದಕ್ಕೆ ಬರೆದ ಕೈ

‘ಇಸ್ಫಹಾನ್’ ಎಂಬ ಜಾಝ್ ರಚನೆಯನ್ನು ಕೇಳಿದವರಿಗೆ ಅದು ಇರಾನಿನ ಆ ಹಳೆಯ ನಗರದಲ್ಲೇ ಹುಟ್ಟಿದ ಸಂಗೀತ ಅನ್ನಿಸದೆ ಇರದು. ಜಾನಿ ಹಾಜಸ್ ಆಲ್ಟೊ ಸ್ಯಾಕ್ಸೊಫೋನಿನಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಅವಸರವೇ ಇಲ್ಲದೆ ಜಾರುತ್ತಾರೆ. ಟ್ರಾಂಬೋನುಗಳು, ಉಳಿದ ಸ್ಯಾಕ್ಸೊಫೋನುಗಳು ಹಿಂದೆ ನಿಂತು ಮೆಲ್ಲಗೆ ಒತ್ತಾಸೆ ಕೊಡುತ್ತವೆ. ಕೇಳುವವರ ಕಣ್ಣಿಗೆ ನೀಲಿ ಗುಮ್ಮಟಗಳು, ಸಂಜೆಯ ತೋಟಗಳು ತಾವಾಗಿ ಬಂದು ನಿಲ್ಲುತ್ತವೆ. ಆದರೆ ಇದನ್ನು ಬರೆದ ಬಿಲ್ಲಿ ಸ್ಟ್ರೇಹಾರ್ನ್ ಆ ಹೊತ್ತಿಗೆ ಇಸ್ಫಹಾನಿಗೆ ಕಾಲಿಟ್ಟೇ ಇರಲಿಲ್ಲ. ಆಗ ರಚನೆಯ ಹೆಸರು ‘ಎಲ್ಫ್’. ಕೆಲವು ತಿಂಗಳ ನಂತರ ಡ್ಯೂಕ್ ಎಲಿಂಗ್ಟನ್ ಅವರ ವಾದ್ಯವೃಂದದ ಜೊತೆ ಅವರು ಏಷ್ಯಾ ಪ್ರವಾಸಕ್ಕೆ ಹೊರಟರು. ಮರಳಿದ ಮೇಲೆ ಅದೇ ರಚನೆಗೆ ಊರಿನ ಹೆಸರು ಬಂತು.

ಆ ಪ್ರವಾಸ ನಡೆದದ್ದು 1963ರಲ್ಲಿ, ಅಮೆರಿಕದ ವಿದೇಶಾಂಗ ಇಲಾಖೆಯ ಖರ್ಚಿನಲ್ಲಿ. ಡಮಾಸ್ಕಸ್, ಅಮ್ಮಾನ್, ಕಾಬೂಲ್ ದಾಟಿ ತಂಡ ಭಾರತಕ್ಕೆ ಬಂತು. ದೆಹಲಿ, ಹೈದರಾಬಾದ್, ಬೆಂಗಳೂರು, ಮದ್ರಾಸ್, ಬೊಂಬಾಯಿ, ಕಲ್ಕತ್ತಾಗಳಲ್ಲಿ ಜನ ಅದನ್ನು ಕೇಳಿದರು. ನವೆಂಬರಿನಲ್ಲಿ ತಂಡ ಟರ್ಕಿಯಲ್ಲಿದ್ದಾಗ ಅಧ್ಯಕ್ಷ ಕೆನಡಿ ಅವರ ಹತ್ಯೆಯಾಯಿತು, ಪ್ರವಾಸ ಅರ್ಧಕ್ಕೇ ನಿಂತಿತು. ಈ ಓಡಾಟದಿಂದ ಮೂಡಿದ ‘ಫಾರ್ ಈಸ್ಟ್ ಸ್ವೀಟ್’ ರೆಕಾರ್ಡಿನಲ್ಲಿ ‘ಬ್ಲೂಬರ್ಡ್ ಆಫ್ ಡೆಲ್ಲಿ’ ಎಂಬ ರಚನೆಯಿದೆ. ದೆಹಲಿಯ ಕೋಣೆಯಲ್ಲಿ ಸ್ಟ್ರೇಹಾರ್ನ್ ಕೇಳಿದ ಒಂದು ಮೈನಾ ಹಕ್ಕಿಯ ಉಲಿಯನ್ನು ಅಲ್ಲಿ ಜಿಮ್ಮಿ ಹ್ಯಾಮಿಲ್ಟನ್ ಅವರ ಕ್ಲಾರಿನೆಟ್ಟು ನುಡಿಯುತ್ತದೆ. ಹಕ್ಕಿ ಒಂದೇ ಪಲುಕನ್ನು ಮತ್ತೆ ಮತ್ತೆ ಹೇಳುತ್ತಿರುತ್ತದೆ, ಬ್ಯಾಂಡು ಅದರ ಸುತ್ತ ತನ್ನ ಮಾತು ಆಡುತ್ತಿರುತ್ತದೆ. ‘ಆಗ್ರಾ’ ಎಂಬ ಇನ್ನೊಂದರಲ್ಲಿ ಹ್ಯಾರಿ ಕಾರ್ನಿ ಅವರ ಬ್ಯಾರಿಟೋನ್ ಸ್ಯಾಕ್ಸೊಫೋನಿನ ದಪ್ಪ, ಭಾರದ ದನಿ ತಾಜಮಹಲಿನ ಕಲ್ಲನ್ನು ಮುಟ್ಟಿ ನೋಡುತ್ತದೆ. ಪೌರಸ್ತ್ಯ ಸಂಗೀತದ ಅಗ್ಗದ ಅನುಕರಣೆ ಇದರಲ್ಲಿ ಎಲ್ಲೂ ಇಲ್ಲ. ಸಿತಾರ್ ಇಲ್ಲ, ತಬಲಾ ಇಲ್ಲ. ಕಂಡದ್ದನ್ನು, ಕೇಳಿದ್ದನ್ನು ತಮ್ಮದೇ ಭಾಷೆಯಲ್ಲಿ ಹೇಳಿದವರ ಮರ್ಯಾದೆ ಇದೆ. 1966ರ ಡಿಸೆಂಬರಿನಲ್ಲಿ ಧ್ವನಿಮುದ್ರಣವಾದ ಈ ರೆಕಾರ್ಡಿಗೆ ಗ್ರ್ಯಾಮಿ ಪ್ರಶಸ್ತಿ ಬಂತು. ಅಷ್ಟರಲ್ಲಿ ಸ್ಟ್ರೇಹಾರ್ನ್ ತೀರಿಕೊಂಡಿದ್ದರು.

ಎಲಿಂಗ್ಟನ್ ಹೆಸರು ಕೇಳದ ಸಂಗೀತಪ್ರಿಯರು ಕಡಿಮೆ. ಅವರ ವಾದ್ಯವೃಂದಕ್ಕೆ ಹತ್ತಿರ ಹತ್ತಿರ ಮೂವತ್ತು ವರ್ಷ ಬರೆದ ಸ್ಟ್ರೇಹಾರ್ನ್ ಹೆಸರು ಅಷ್ಟು ಕೇಳಿಬರುವುದಿಲ್ಲ. ಅದಕ್ಕೆ ಒಂದು ಕಾರಣ ಅವರ ಕೆಲಸದ ಸ್ವರೂಪದಲ್ಲೇ ಇದೆ. ಬಿಗ್ ಬ್ಯಾಂಡ್ ಎಂದರೆ ಹದಿನೈದರ ಆಸುಪಾಸಿನ ವಾದಕರ ತಂಡ: ಐದು ಸ್ಯಾಕ್ಸೊಫೋನ್, ಮೂರು ನಾಲ್ಕು ಟ್ರಂಪೆಟ್, ಮೂರು ಟ್ರಾಂಬೋನ್, ಜೊತೆಗೆ ಪಿಯಾನೊ, ಬಾಸ್, ಡ್ರಮ್ಸ್. ಮೂಲ ಧಾಟಿ ಒಂದು ಪುಟ ಆದೀತು. ಆ ಧಾಟಿಯನ್ನು ಯಾರು ನುಡಿಸಬೇಕು, ಅದರ ಕೆಳಗೆ ಎರಡನೆಯ ಟ್ರಾಂಬೋನು ಯಾವ ಸ್ವರ ಹಿಡಿಯಬೇಕು, ಎಲ್ಲಿ ಎಲ್ಲರೂ ಸುಮ್ಮನಾಗಬೇಕು, ಎಲ್ಲಿ ಒಟ್ಟಿಗೆ ಸಿಡಿಯಬೇಕು ಎಂಬುದನ್ನೆಲ್ಲ ಒಬ್ಬ ಅರೇಂಜರ್ ಸ್ವರ ಸ್ವರವಾಗಿ ಕಾಗದದ ಮೇಲೆ ಬರೆಯುತ್ತಾನೆ. ನಮ್ಮ ಸಿನಿಮಾ ಸಂಗೀತದಲ್ಲೂ ಈ ವರ್ಗ ಇತ್ತು. ಹಿಂದಿ ಹಾಡುಗಳ ಪಿಟೀಲಿನ ಅಲೆಗಳನ್ನು ಬರೆದ ಗೋವಾದ ಸೆಬಾಸ್ಟಿಯನ್ ಡಿಸೋಜಾ, ಆಂಥೊನಿ ಗೊನ್ಸಾಲ್ವಿಸ್ ಅಂಥವರ ಹೆಸರು ಬಹುಕಾಲ ತೆರೆಯ ಮೇಲೆ ಸರಿಯಾಗಿ ಕಾಣಿಸಲಿಲ್ಲ. ಜಿ.ಕೆ. ವೆಂಕಟೇಶ್ ಅವರ ಕನ್ನಡ ಹಾಡುಗಳನ್ನು ಗುನುಗುವವರಲ್ಲಿ ಎಷ್ಟು ಮಂದಿಗೆ ಗೊತ್ತು, ಅವರ ಸಹಾಯಕರಾಗಿ ಕೂತು ಕೆಲಸ ಕಲಿತ ಹುಡುಗ ಇಳಯರಾಜ ಎಂಬುದು? ಇಳಯರಾಜ ಮುಂದೆ ಸ್ವತಂತ್ರರಾದರು. ಸ್ಟ್ರೇಹಾರ್ನ್ ಆಗಲಿಲ್ಲ, ಅಥವಾ ಆಗಲು ಹೊರಟು ವಾಪಸು ಬಂದರು. ಯಾಕೆ ಎಂಬ ಪ್ರಶ್ನೆಗೆ ಸಲೀಸಾದ ಉತ್ತರಗಳು ಬಹಳ ಇವೆ. ಅವು ಯಾವುವೂ ನನಗೆ ಸಾಲುವುದಿಲ್ಲ.

1915ರ ನವೆಂಬರ್ 29ರಂದು ಓಹಾಯೊದ ಡೇಟನ್ನಿನಲ್ಲಿ ಹುಟ್ಟಿದ ಬಿಲ್ಲಿ ಬೆಳೆದದ್ದು ಉಕ್ಕಿನ ಕಾರ್ಖಾನೆಗಳ ಊರು ಪಿಟ್ಸ್‌ಬರ್ಗಿನಲ್ಲಿ. ಮನೆಯಲ್ಲಿ ಬಡತನ, ಅಪ್ಪನ ಕುಡಿತ, ಸಿಟ್ಟು. ಅದರಿಂದ ಮಗನನ್ನು ದೂರ ಇಡಲು ತಾಯಿ ಲಿಲಿಯನ್ ಅವನನ್ನು ಆಗಾಗ ನಾರ್ತ್ ಕ್ಯಾರೊಲಿನಾದ ಹಿಲ್ಸ್‌ಬರೋದಲ್ಲಿದ್ದ ಅಜ್ಜಿಯ ಮನೆಗೆ ಕಳಿಸುತ್ತಿದ್ದರು. ಅಜ್ಜಿಯ ಮನೆಯಲ್ಲಿ ಪಿಯಾನೊ ಇತ್ತು, ಹೂವಿನ ಗಿಡಗಳಿದ್ದವು. ಮುಂದೆ ಅವರ ರಚನೆಗಳ ಹೆಸರುಗಳಲ್ಲಿ ಹೂಗಳು ಸುಮ್ಮನೆ ಬಂದು ಸೇರಿಕೊಂಡದ್ದಲ್ಲ: ‘ಪ್ಯಾಶನ್ ಫ್ಲವರ್’, ‘ಲೋಟಸ್ ಬ್ಲಾಸಮ್’, ‘ಎ ಫ್ಲವರ್ ಈಸ್ ಎ ಲವ್ಸಮ್ ಥಿಂಗ್’. ಪಿಟ್ಸ್‌ಬರ್ಗಿಗೆ ಮರಳಿದ ಹುಡುಗ ಪೇಪರ್ ಮಾರಿದ, ಔಷಧದ ಅಂಗಡಿಯಲ್ಲಿ ಸೋಡಾ ಬೆರೆಸಿದ, ಮನೆ ಮನೆಗೆ ಔಷಧ ಮುಟ್ಟಿಸಿದ. ಕೂಡಿಟ್ಟ ದುಡ್ಡಿನಲ್ಲಿ ತನ್ನದೇ ಪಿಯಾನೊ ಕೊಂಡ. ವೆಸ್ಟಿಂಗ್‌ಹೌಸ್ ಹೈಸ್ಕೂಲಿನಲ್ಲಿ ಗ್ರೀಗ್‌ನ ಪಿಯಾನೊ ಕನ್ಸರ್ಟೊ ನುಡಿಸಿದ ಅವನಿಗೆ ಪಾಶ್ಚಾತ್ಯ ಶಾಸ್ತ್ರೀಯ ಪಿಯಾನೊವಾದಕನಾಗುವ ಆಸೆ. ಆ ಕಾಲದ ಅಮೆರಿಕದಲ್ಲಿ ಕಪ್ಪು ಹುಡುಗನಿಗೆ ಆ ಬಾಗಿಲು ತೆರೆಯುತ್ತಿರಲಿಲ್ಲ. ಆರ್ಟ್ ಟೇಟಮ್, ಟೆಡ್ಡಿ ವಿಲ್ಸನ್ ಅವರ ಪಿಯಾನೊ ಕೇಳಿದ ಮೇಲೆ, ತಾನು ಪ್ರೀತಿಸಿದ್ದೆಲ್ಲ ಜಾಝಿನಲ್ಲೂ ಇದೆ ಎಂದು ಅವನಿಗೆ ಕಂಡಿತು.

ಹದಿಹರೆಯದಲ್ಲಿ ಆರಂಭಿಸಿ ಇಪ್ಪತ್ತರ ಆಚೀಚೆ ಮುಗಿಸಿದ ಒಂದು ಹಾಡು ಈ ಹುಡುಗ ಯಾರೆಂಬುದನ್ನು ಹೇಳಿಬಿಡುತ್ತದೆ. ಅದು ‘ಲಶ್ ಲೈಫ್’. ರಾತ್ರಿಯ ಬಾರುಗಳಲ್ಲಿ ಸವೆದುಹೋದ, ಪ್ರೀತಿಯಲ್ಲಿ ಸೋತ, ಪ್ಯಾರಿಸ್ಸಿಗೆ ಹೋದರೆ ನೋವು ಕಡಿಮೆಯಾದೀತೆಂದು ಎಣಿಸುವ ಮನುಷ್ಯನೊಬ್ಬನ ಸ್ವಗತ ಅದು. ಮಾತು, ಧಾಟಿ ಎರಡೂ ಸ್ಟ್ರೇಹಾರ್ನ್ ಅವರದೇ. ಪ್ಯಾರಿಸ್ಸನ್ನೂ ಅವರಿನ್ನೂ ಕಂಡಿರಲಿಲ್ಲ! ಮಾಮೂಲಿ ಹಾಡಿನ ಹಾಗೆ ಪಲ್ಲವಿಗೆ ಮರಳುತ್ತಾ ನಡೆಯುವ ಹಾಡಲ್ಲ ಇದು. ಸಾಲು ಸಾಲಿಗೂ ಕೆಳಗಿನ ನೆಲ ಸರಿಯುತ್ತದೆ, ಗಾಯಕ ಒಂದು ಕ್ಷಣ ಮೈಮರೆತರೆ ಶ್ರುತಿ ತಪ್ಪುತ್ತದೆ. ಒಳ್ಳೊಳ್ಳೆಯ ಗಾಯಕರೂ ಇದರ ಮುಂದೆ ಅಳುಕಿದ್ದಾರೆ. 1963ರಲ್ಲಿ ಜಾನ್ ಕೋಲ್ಟ್ರೇನ್ ಜೊತೆ ಜಾನಿ ಹಾರ್ಟ್‌ಮನ್ ಹಾಡಿದ ರೆಕಾರ್ಡು ನನಗೆ ಎಲ್ಲಕ್ಕಿಂತ ಮೇಲು. ಹಾಡಿನ ದುಃಖವನ್ನು ಹಾರ್ಟ್‌ಮನ್ ಪ್ರದರ್ಶನಕ್ಕಿಡುವುದಿಲ್ಲ, ಮಾತಾಡಿದ ಹಾಗೆ ಹಾಡಿ ಮುಗಿಸುತ್ತಾರೆ.

1938ರ ಡಿಸೆಂಬರಿನಲ್ಲಿ ಎಲಿಂಗ್ಟನ್ ತಂಡ ಪಿಟ್ಸ್‌ಬರ್ಗಿನ ಸ್ಟಾನ್ಲಿ ಥಿಯೇಟರಿಗೆ ಬಂತು. ಪರಿಚಿತರೊಬ್ಬರ ಮೂಲಕ ಇಪ್ಪತ್ತಮೂರರ ಸ್ಟ್ರೇಹಾರ್ನ್ ಗ್ರೀನ್‌ರೂಮಿಗೆ ಹೋದರು. ತಲೆಗೂದಲು ಒಪ್ಪ ಮಾಡಿಸಿಕೊಳ್ಳುತ್ತ ಕಣ್ಣು ಮುಚ್ಚಿ ಒರಗಿದ್ದ ಎಲಿಂಗ್ಟನ್, ಏನಾದರೂ ನುಡಿಸು ಎಂದರು. ಹುಡುಗ ಪಿಯಾನೊ ಮುಂದೆ ಕೂತು, ಸ್ವಲ್ಪ ಹೊತ್ತಿಗೆ ಮೊದಲು ಎಲಿಂಗ್ಟನ್ ವೇದಿಕೆಯ ಮೇಲೆ ನುಡಿಸಿದ್ದ ‘ಸೊಫಿಸ್ಟಿಕೇಟೆಡ್ ಲೇಡಿ’ಯನ್ನು ಯಥಾವತ್ತಾಗಿ ನುಡಿಸಿದರು. ಆಮೇಲೆ, ನಾನಾದರೆ ಹೀಗೆ ನುಡಿಸುತ್ತೇನೆ ಎಂದು ಅದನ್ನೇ ಬೇರೆ ಶ್ರುತಿಯಲ್ಲಿ, ಬೇರೆ ನಡೆಯಲ್ಲಿ ನುಡಿಸಿದರು. ಎಲಿಂಗ್ಟನ್ ಕಣ್ಣು ತೆರೆದು, ಎದ್ದು ನಿಂತು, ಹ್ಯಾರಿ ಕಾರ್ನಿಯನ್ನು ಕರೆಸಿದರಂತೆ. ಖ್ಯಾತಿಯ ತುದಿಯಲ್ಲಿದ್ದ ಹಿರಿಯನ ಎದುರು, ಅವನದೇ ಹಾಡನ್ನು ಹೀಗೂ ನೋಡಬಹುದು ಎಂದು ತೋರಿಸಿಕೊಡಲು ಎಂಥ ಧೈರ್ಯ ಬೇಕು! ಅದನ್ನು ಮೆಚ್ಚಿ ಒಳಗೆ ಕರೆದುಕೊಳ್ಳಲು ಎಲಿಂಗ್ಟನ್‌ರಲ್ಲೂ ಅಷ್ಟೇ ದೊಡ್ಡ ಗುಣ ಇರಬೇಕಾಗಿತ್ತು.

ಎಲಿಂಗ್ಟನ್ ತಮ್ಮ ಹಾರ್ಲೆಮ್ ಮನೆಗೆ ಬರುವ ದಾರಿ ಹೇಳಿ ಕಳಿಸಿದ್ದರು. ನ್ಯೂಯಾರ್ಕಿನ ಸಬ್‌ವೇಯಲ್ಲಿ ‘ಎ’ ಟ್ರೇನ್ ಹಿಡಿಯಬೇಕು. ಆ ಮಾತನ್ನೇ ಬೀಜವಾಗಿಟ್ಟು ಸ್ಟ್ರೇಹಾರ್ನ್ ಬರೆದದ್ದು ‘ಟೇಕ್ ದಿ ಎ ಟ್ರೇನ್’. ಬರೆದ ಮೇಲೆ ಅದು ಫ್ಲೆಚರ್ ಹೆಂಡರ್ಸನ್ ಎಂಬ ಇನ್ನೊಬ್ಬ ಅರೇಂಜರನ ಶೈಲಿಗೆ ತೀರಾ ಹತ್ತಿರವಾಯಿತು ಅನ್ನಿಸಿ ಕಸಕ್ಕೆ ಹಾಕಿದ್ದರು, ಅದನ್ನು ಹೆಕ್ಕಿ ತೆಗೆದವನು ತಾನೇ ಎಂದು ಎಲಿಂಗ್ಟನ್ ಅವರ ಮಗ ಮರ್ಸರ್ ಹೇಳುತ್ತಿದ್ದರು. ಅದು ಬೆಳಕಿಗೆ ಬಂದದ್ದು ಒಂದು ಲೈಸೆನ್ಸ್ ಜಗಳದಿಂದ. ಸಂಯೋಜಕರ ಹಕ್ಕುಗಳನ್ನು ನೋಡಿಕೊಳ್ಳುತ್ತಿದ್ದ ಆಸ್ಕ್ಯಾಪ್ ಸಂಸ್ಥೆ ಶುಲ್ಕ ಏರಿಸಿತು. ಅದಕ್ಕೆ ಒಪ್ಪದ ರೇಡಿಯೊ ಕೇಂದ್ರಗಳು 1941ರ ಜನವರಿಯಿಂದ ಅದರ ಸದಸ್ಯರ ಸಂಗೀತವನ್ನೇ ನಿಲ್ಲಿಸಿಬಿಟ್ಟವು. ಎಲಿಂಗ್ಟನ್ ಸದಸ್ಯರು. ಹಾಗಾಗಿ ಅವರದೇ ಬ್ಯಾಂಡು ಅವರದೇ ರಚನೆಗಳನ್ನು ರೇಡಿಯೊದಲ್ಲಿ ನುಡಿಸುವಂತಿರಲಿಲ್ಲ. ಸದಸ್ಯರಲ್ಲದ ಸ್ಟ್ರೇಹಾರ್ನ್ ಮತ್ತು ಮರ್ಸರ್ ರಾತ್ರಿ ಹಗಲು ಕೂತು ತಂಡಕ್ಕೆ ಹೊಸ ರಚನೆಗಳ ಕಟ್ಟನ್ನೇ ತಯಾರಿಸಿದರು. 1941ರ ಫೆಬ್ರುವರಿ 15ರಂದು ‘ಎ ಟ್ರೇನ್’ ಧ್ವನಿಮುದ್ರಣವಾಯಿತು. ಅಲ್ಲಿಂದ ಮುಂದೆ ಅದೇ ಎಲಿಂಗ್ಟನ್ ತಂಡದ ಗುರುತಿನ ಸಂಗೀತ. ಬಹುಪಾಲು ಜನ ಇವತ್ತಿಗೂ ಅದು ಎಲಿಂಗ್ಟನ್ ಬರೆದದ್ದೆಂದೇ ತಿಳಿದಿದ್ದಾರೆ.

ಅದರ ಒಂದೇ ಒಂದು ಸ್ವರವನ್ನು ಗಮನಿಸಿ ಕೇಳಬೇಕು. ತಾಳದ ಮೊದಲ ಎರಡು ಆವರ್ತಗಳಲ್ಲಿ ಧಾಟಿ ಷಡ್ಜ, ಗಾಂಧಾರ, ಪಂಚಮಗಳನ್ನು ಬಿಟ್ಟು ಆಚೆ ಹೋಗುವುದಿಲ್ಲ. ಮಗುವೂ ಹಾಡಬಲ್ಲ ಸರಳತೆ. ಮೂರನೆಯ ಆವರ್ತಕ್ಕೆ ಕಾಲಿಟ್ಟಾಗ ಪಂಚಮ ನಿರೀಕ್ಷಿಸುವ ಕಿವಿಗೆ ಅದರ ಪಕ್ಕದ ಸ್ವರ ಸಿಗುತ್ತದೆ. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ ಶುದ್ಧ ಧೈವತ. ಅದರ ಕೆಳಗೆ, ಹಲವು ಸ್ವರ ಒಟ್ಟಿಗೆ ನುಡಿಯುವ ಕಾರ್ಡ್ ಕೂಡ ಚತುಶ್ರುತಿ ರಿಷಭದ ಮೇಲಕ್ಕೆ ಸರಿದಿರುತ್ತದೆ. ಆ ಎರಡರ ನಡುವಿನ ಎಳೆತ ಒಂದು ಕ್ಷಣ ನಮ್ಮನ್ನು ತೂಗುಬಿಡುತ್ತದೆ, ಆಮೇಲೆ ಮೆಲ್ಲಗೆ ನೆಲಕ್ಕಿಳಿಸುತ್ತದೆ. ಕುಣಿಯಲೆಂದು ಬಂದವರು ಇದನ್ನು ಲೆಕ್ಕಿಸದೆ ಕುಣಿದಾರು, ಅವರ ಕಾಲು ತಪ್ಪುವುದಿಲ್ಲ. ಆದರೆ ಈ ಹಾಡು ಎಂಬತ್ತು ವರ್ಷದ ಮೇಲೂ ಹಳತಾಗದೆ ಉಳಿದಿರುವುದು ಆ ಒಂದು ಸ್ವರದಿಂದ ಎಂದು ನಾನು ನಂಬಿದ್ದೇನೆ.

ಎಲಿಂಗ್ಟನ್ ಬಳಿ ಸ್ಟ್ರೇಹಾರ್ನ್ ಕಲಿತದ್ದು ಗುರುಕುಲದ ಪಾಠದ ಹಾಗಲ್ಲ. 1939ರಲ್ಲಿ ತಂಡ ಯುರೋಪಿಗೆ ಹೋದಾಗ ಅವರು ಎಲಿಂಗ್ಟನ್ ಮನೆಯಲ್ಲೇ ಉಳಿದು ಹಸ್ತಪ್ರತಿಗಳನ್ನೆಲ್ಲ ಬಿಚ್ಚಿ ಓದಿದರು. ಎಲಿಂಗ್ಟನ್ ಬರೆಯುತ್ತಿದ್ದುದು ವಾದ್ಯಕ್ಕಲ್ಲ, ಮನುಷ್ಯನಿಗೆ. ಸ್ವರಪತ್ರದ ಮೇಲೆ ವಾದ್ಯದ ಬದಲು ವಾದಕನ ಅಡ್ಡಹೆಸರೇ ಇರುತ್ತಿತ್ತು. ಯಾರ ಉಸಿರು ಎಷ್ಟು ಉದ್ದ, ಯಾರ ದನಿ ಯಾವ ಎತ್ತರದಲ್ಲಿ ಒರಟಾಗುತ್ತದೆ ಎಂಬುದೆಲ್ಲ ಅದರ ಲೆಕ್ಕದಲ್ಲಿತ್ತು. ಸ್ಟ್ರೇಹಾರ್ನ್ ಅದನ್ನು ಕಲಿತರು, ಆದರೆ ಕಟ್ಟಿದ್ದು ಬೇರೆ. ಎಲಿಂಗ್ಟನ್ ಅವರಲ್ಲಿ ಬಿಡಿ ಬಣ್ಣಗಳು ಒಂದರ ಪಕ್ಕ ಒಂದು ನಿಂತು ಎದುರುಬದುರಾಗುತ್ತವೆ. ಸ್ಟ್ರೇಹಾರ್ನ್ ಅವರಲ್ಲಿ ಒಂದು ಭಾಗ ಇನ್ನೊಂದರೊಳಗಿನಿಂದಲೇ ಹುಟ್ಟಿ ಬರುತ್ತದೆ, ಒಳಗಿನ ಪುಟ್ಟ ದನಿಗೂ ತನ್ನದೇ ಆದ ಹಾಡುವ ಸಾಲು ಇರುತ್ತದೆ. 1941ರ ‘ಚೆಲ್ಸಿ ಬ್ರಿಜ್’ ಕೇಳಿ. ಸೇತುವೆಯ ಮೇಲಿನ ಮಂಜನ್ನು ಬರೆದ ವಿಸ್ಲರ್‌ನ ಚಿತ್ರವೊಂದು ಅದಕ್ಕೆ ಪ್ರೇರಣೆ. ಫ್ರೆಂಚ್ ಸಂಯೋಜಕರಾದ ಡೆಬ್ಯುಸಿ, ರವೇಲ್ ಅವರನ್ನು ಓದಿದ ಕಿವಿ ಅದರಲ್ಲಿ ಕಾಣುತ್ತದೆ. ಆದರೆ ಬೆನ್ ವೆಬ್‌ಸ್ಟರ್‌ರ ಟೆನರ್ ಸ್ಯಾಕ್ಸೊಫೋನು ಉಸಿರಿನ ಸದ್ದಿನೊಂದಿಗೇ ಒಳಗೆ ಬಂದಾಗ ಅದು ಬೇರಾವ ಸಂಗೀತವೂ ಆಗದೆ ಜಾಝೇ ಆಗುತ್ತದೆ.

ಈಗ ಹೆಸರಿನ ವಿಷಯ. ಎಲಿಂಗ್ಟನ್ ಅವರನ್ನು ಭೇಟಿಯಾಗುವ ಮೊದಲೇ ಸ್ಟ್ರೇಹಾರ್ನ್ ಬರೆದಿದ್ದ ‘ಸಮ್ಥಿಂಗ್ ಟು ಲಿವ್ ಫಾರ್’ 1939ರಲ್ಲಿ ರೆಕಾರ್ಡಾದಾಗ ಇಬ್ಬರ ಹೆಸರೂ ಸೇರಿಕೊಂಡಿತು. ಕೆಲವು ಕಡೆ ಸ್ಟ್ರೇಹಾರ್ನ್ ಹೆಸರೇ ಇರುತ್ತಿರಲಿಲ್ಲ. ಕೆಲಸಕ್ಕೆ ಕರಾರುಪತ್ರ ಅಂತೇನೂ ಇರಲಿಲ್ಲ. ಮನೆ ಬಾಡಿಗೆ, ಬಟ್ಟೆ, ಊಟ, ಓಡಾಟ ಎಲ್ಲದರ ಬಿಲ್ಲನ್ನೂ ಎಲಿಂಗ್ಟನ್ ಕಚೇರಿ ತೀರಿಸುತ್ತಿತ್ತು. 1946ರಲ್ಲಿ ಬ್ರಾಡ್‌ವೇಯಲ್ಲಿ ‘ಬೆಗರ್ಸ್ ಹಾಲಿಡೇ’ ಎಂಬ ಸಂಗೀತನಾಟಕ ಬಂತು. ಅದರ ಸಂಗೀತದ ಬಹುಪಾಲು ದುಡಿಮೆ ಸ್ಟ್ರೇಹಾರ್ನ್ ಅವರದು. ಸಂಗೀತ ಸಂಯೋಜಕ ಎಂದು ಜಾಹೀರಾದದ್ದು ಎಲಿಂಗ್ಟನ್ ಹೆಸರು. ಸ್ಟ್ರೇಹಾರ್ನ್ ಪಾಲಿಗೆ ವಾದ್ಯಸಂಯೋಜನೆಯ ಮೇಲ್ವಿಚಾರಣೆ. ಇದನ್ನು ಶೋಷಣೆ ಎಂದು ಕರೆದು ಮುಗಿಸುವವರಿದ್ದಾರೆ, ಮಹಾನುಭಾವರ ಆಪ್ತ ಸ್ನೇಹ ಎಂದು ಹಾಡಿ ಹೊಗಳುವವರೂ ಇದ್ದಾರೆ. ಎಲಿಂಗ್ಟನ್ ಅವರೇ ಸ್ಟ್ರೇಹಾರ್ನ್‌ರನ್ನು ತಮ್ಮ ಎರಡೂ ತೋಳು, ತಲೆಯ ಹಿಂದಿನ ಕಣ್ಣು ಎಂದೆಲ್ಲ ಬಣ್ಣಿಸಿದರು. ಬಣ್ಣನೆ ಪ್ರೀತಿಯದೇ, ಅನುಮಾನವಿಲ್ಲ. ಆದರೆ ಇನ್ನೊಬ್ಬರ ಕೈ, ಕಣ್ಣು ಎಂದು ಕರೆಸಿಕೊಂಡ ಮನುಷ್ಯನಿಗೆ ತನ್ನದೇ ತಲೆಯೊಂದಿತ್ತು ಎಂಬುದನ್ನು ಅದು ಮರೆಸುತ್ತದೆ.

ಸ್ಟ್ರೇಹಾರ್ನ್ ಏನನ್ನು ಕೊಟ್ಟು ಏನನ್ನು ಪಡೆದರು ಎಂದು ನೋಡಬೇಕಾದರೆ ಅವರ ಮನೆಯನ್ನೂ ನೋಡಬೇಕು. ಅವರು ಸಲಿಂಗಿ. 1940ರ ದಶಕದ ಅಮೆರಿಕದಲ್ಲಿ ಅದನ್ನು ಮುಚ್ಚಿಡಲಿಲ್ಲ. ಪಿಯಾನೊವಾದಕ ಆರನ್ ಬ್ರಿಜರ್ಸ್ ಜೊತೆ ವರ್ಷಗಟ್ಟಲೆ ಹಾರ್ಲೆಮ್ಮಿನಲ್ಲಿ ಸಂಸಾರ ಮಾಡಿದರು. ಬ್ರಿಜರ್ಸ್ ಮುಂದೆ ಪ್ಯಾರಿಸ್ಸಿಗೆ ಹೋಗಿ ನೆಲೆಸಿದರು. ಅಂದಿನ ಗಂಡಸುತನದ ಬಿಗ್ ಬ್ಯಾಂಡ್ ಲೋಕದಲ್ಲಿ ಹೀಗೆ ಬದುಕುವವನು ತನ್ನದೇ ಹೆಸರಿನ ತಂಡ ಕಟ್ಟಿ ಊರೂರಿಗೆ ಪೋಸ್ಟರ್ ಹಚ್ಚಿಸಿಕೊಳ್ಳಲು ಹೊರಟಿದ್ದರೆ ಏನಾಗುತ್ತಿತ್ತು? ಬೆಳಕು ಎಲಿಂಗ್ಟನ್ ಮೇಲಿದ್ದುದರಿಂದ ಸ್ಟ್ರೇಹಾರ್ನ್ ಸುಳ್ಳು ಹೇಳದೆ ಬದುಕಿದರು. ಜೊತೆಗೆ, ಇವತ್ತು ಬರೆದದ್ದನ್ನು ನಾಳೆ ನುಡಿಸಿ ತೋರಿಸಲು ಹಾಜಸ್, ಕಾರ್ನಿ, ವೆಬ್‌ಸ್ಟರ್ ಅವರಂಥ ವಾದಕರು ಸಿದ್ಧರಿದ್ದರು. ಬರೆಯುವವನಿಗೆ ಅದಕ್ಕಿಂತ ದೊಡ್ಡ ಸಂಬಳವಿಲ್ಲ. ಹಾಗೆಂದು ನಷ್ಟ ಸುಳ್ಳಾಗುವುದಿಲ್ಲ. ಹೆಸರು ಬೇಕೋ ನೆಮ್ಮದಿ ಬೇಕೋ ಎಂದು ಒಬ್ಬ ಕಲಾವಿದನನ್ನು ಕೇಳಿದ ಆ ಸಮಾಜದ್ದು ತಪ್ಪು, ಅದರ ಬೆಲೆ ತೆತ್ತವರು ಮಾತ್ರ ಅವರು.

1950ರ ದಶಕದ ಮೊದಲಲ್ಲಿ ಅವರು ಎಲಿಂಗ್ಟನ್‌ರಿಂದ ದೂರ ಸರಿದರು. ಸ್ಪೇನಿನ ನಾಟಕಕಾರ ಲೋರ್ಕಾ ಅವರ ನಾಟಕವೊಂದಕ್ಕೆ ಸಂಗೀತ ಬರೆದರು. ಕೋಪಸೆಟಿಕ್ಸ್ ಎಂಬ ಟ್ಯಾಪ್ ನರ್ತಕರ ಸಂಘದ ಅಧ್ಯಕ್ಷರಾಗಿ ಅದರ ವಾರ್ಷಿಕ ಪ್ರದರ್ಶನಗಳನ್ನು ಕಟ್ಟಿದರು. 1956ರ ಹೊತ್ತಿಗೆ ಎಲಿಂಗ್ಟನ್ ಮತ್ತೆ ಕರೆದರು, ಈ ಸಲ ಹೆಸರು ಸೇರಿಸಿಯೇ. 1957ರ ‘ಸಚ್ ಸ್ವೀಟ್ ಥಂಡರ್’ ಶೇಕ್ಸ್‌ಪಿಯರ್‌ನ ಪಾತ್ರಗಳ ಸುತ್ತ ಇಬ್ಬರೂ ಕೂಡಿ ಬರೆದದ್ದು. ಅದರಲ್ಲಿ ರೋಮಿಯೊ ಜೂಲಿಯೆಟ್ಟರ ‘ಸ್ಟಾರ್ ಕ್ರಾಸ್ಡ್ ಲವರ್ಸ್’ಗೆ ಹಾಜಸ್ ಅವರ ಆಲ್ಟೊ ಜೂಲಿಯೆಟ್, ಪಾಲ್ ಗೊನ್ಸಾಲ್ವಿಸ್ ಅವರ ಟೆನರ್ ರೋಮಿಯೊ. 1960ರಲ್ಲಿ ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಬ್ಯಾಲೆಯನ್ನು ಬಿಗ್ ಬ್ಯಾಂಡಿಗೆ ಒಗ್ಗಿಸಿದಾಗ ಸ್ಟ್ರೇಹಾರ್ನ್ ರೆಕಾರ್ಡಿನ ಹೊದಿಕೆಯ ಮೇಲೇ ಕಾಣಿಸಿಕೊಂಡರು. ಅದರಲ್ಲಿ ಸಕ್ಕರೆಯ ಯಕ್ಷಿಣಿಯ ನೃತ್ಯ ಕೇಳಿದರೆ ಅರೇಂಜರನ ಕೆಲಸ ಎಂದರೇನು ಎಂಬುದು ತಟ್ಟನೆ ತಿಳಿಯುತ್ತದೆ. ಚೈಕೋವ್‌ಸ್ಕಿ ಅದನ್ನು ಗಾಜಿನ ಗೆಜ್ಜೆಯಂಥ ಚೆಲೆಸ್ಟಾ ವಾದ್ಯಕ್ಕೆ ಬರೆದಿದ್ದ. ಸ್ಟ್ರೇಹಾರ್ನ್ ಅದನ್ನು ಡ್ರಮ್ಮಿನ ಸೋಮಾರಿ ನಡೆಯ ಮೇಲೆ, ಟೆನರ್ ಸ್ಯಾಕ್ಸೊಫೋನಿಗೆ ಕೊಟ್ಟರು. ಧಾಟಿ ಅದೇ ಇದ್ದೂ ಯಕ್ಷಿಣಿ ಹಾರ್ಲೆಮ್ಮಿನವಳಾದಳು.

ಕಪ್ಪು ಜನರ ನಾಗರಿಕ ಹಕ್ಕುಗಳ ಹೋರಾಟದಲ್ಲೂ ಸ್ಟ್ರೇಹಾರ್ನ್ ಇದ್ದರು, ಮಾರ್ಟಿನ್ ಲೂಥರ್ ಕಿಂಗ್ ಅವರ ಆಪ್ತ ವಲಯದಲ್ಲಿ. 1963ರಲ್ಲಿ ಷಿಕಾಗೊದಲ್ಲಿ ಎಲಿಂಗ್ಟನ್ ರಂಗಕ್ಕೆ ತಂದ ‘ಮೈ ಪೀಪಲ್’ ಎಂಬ ಸಂಗೀತ ಪ್ರದರ್ಶನಕ್ಕೂ ಅವರು ದುಡಿದರು. ಅದೇ ಆಗಸ್ಟಿನಲ್ಲಿ ಆ ಹಕ್ಕುಗಳಿಗಾಗಿ ನಡೆದ ವಾಷಿಂಗ್ಟನ್ ನಡಿಗೆಯಲ್ಲೂ ಇದ್ದರು.

1964ರಲ್ಲಿ ಅನ್ನನಾಳದ ಕ್ಯಾನ್ಸರ್ ಪತ್ತೆಯಾಯಿತು. ಮರುವರ್ಷ ನ್ಯೂಯಾರ್ಕಿನ ನ್ಯೂ ಸ್ಕೂಲಿನಲ್ಲಿ ಅವರ ಹೆಸರಿನಲ್ಲೇ ಕಛೇರಿ ನಡೆಯಿತು. ಐವತ್ತರ ಅಂಚಿನಲ್ಲಿ, ರೋಗ ಮೈಗಿಳಿದ ಮೇಲೆ! ಆಸ್ಪತ್ರೆಯ ಹಾಸಿಗೆಯಲ್ಲಿ ಅವರು ಮುಗಿಸಿ ತಂಡಕ್ಕೆ ಕಳಿಸಿದ ಕೊನೆಯ ರಚನೆ ‘ಬ್ಲಡ್ ಕೌಂಟ್’. ದಿನವೂ ನಡೆಯುತ್ತಿದ್ದ ರಕ್ತಪರೀಕ್ಷೆಯ ಹೆಸರು. ಅದನ್ನು ಬರೆದದ್ದು ಮತ್ತೆ ಹಾಜಸ್ ಅವರಿಗಾಗಿಯೇ. ಮೆಲ್ಲನೆ ಮೇಲೇರಲು ನೋಡುವ ಧಾಟಿ ನಡುವೆ ಒಮ್ಮೆ ಜೋರಾಗಿ ಚೀರುತ್ತದೆ, ಸಂಯಮದ ಹಾಜಸ್ ಅಷ್ಟು ಬಯಲಾಗಿ ನುಡಿಸಿದ್ದು ಅಪರೂಪ. 1967ರ ಮೇ 31ರಂದು ಸ್ಟ್ರೇಹಾರ್ನ್ ತೀರಿಕೊಂಡರು. ಆ ವರ್ಷವೇ ಎಲಿಂಗ್ಟನ್, ಸ್ಟ್ರೇಹಾರ್ನ್ ಅವರ ರಚನೆಗಳನ್ನಷ್ಟೇ ಆರಿಸಿ ‘ಅಂಡ್ ಹಿಸ್ ಮದರ್ ಕಾಲ್ಡ್ ಹಿಮ್ ಬಿಲ್’ ರೆಕಾರ್ಡ್ ಮಾಡಿದರು. ಕೆಲಸ ಮುಗಿದು ವಾದಕರು ವಾದ್ಯಗಳನ್ನು ಪೆಟ್ಟಿಗೆಗೆ ಹಾಕುತ್ತಿದ್ದಾಗ ಎಲಿಂಗ್ಟನ್ ಒಬ್ಬರೇ ಪಿಯಾನೊದಲ್ಲಿ ‘ಲೋಟಸ್ ಬ್ಲಾಸಮ್’ ನುಡಿಸತೊಡಗಿದರು. ಟೇಪು ಓಡುತ್ತಲೇ ಇತ್ತು. ಹಿನ್ನೆಲೆಯ ಮಾತುಕತೆ, ಸಾಮಾನಿನ ಸದ್ದು ಎಲ್ಲ ಅದರಲ್ಲಿ ಕೇಳುತ್ತದೆ, ನುಡಿಸುತ್ತ ಹೋದ ಹಾಗೆ ಆ ಸದ್ದು ಕಡಿಮೆಯಾಗುವುದೂ ಕೇಳುತ್ತದೆ.

ಬಹಳ ಕಾಲ, ಇಬ್ಬರ ಬರವಣಿಗೆ ಎಷ್ಟು ಬೆರೆತಿದೆಯೆಂದರೆ ಬೇರ್ಪಡಿಸುವುದೇ ಅಸಾಧ್ಯ ಎಂಬ ಮಾತು ಚಾಲ್ತಿಯಲ್ಲಿತ್ತು. ಡಚ್ ವಿದ್ವಾಂಸ ವಾಲ್ಟರ್ ವಾನ್ ಡಿ ಲೂರ್ ಹಸ್ತಪ್ರತಿಗಳ ಮುಂದೆ ವರ್ಷಗಟ್ಟಲೆ ಕೂತು ಆ ಮಾತನ್ನು ಒಡೆದುಹಾಕಿದರು. ಪೆನ್ಸಿಲಿನ ಅಕ್ಷರ, ಸ್ವರಗಳಿಗೆ ಬಾಲ ಎಳೆಯುವ ರೀತಿ, ಕಾರ್ಡುಗಳನ್ನು ಹರಡುವ ಕ್ರಮ, ಒಂದು ಭಾಗದಿಂದ ಇನ್ನೊಂದಕ್ಕೆ ದಾಟುವ ಬಗೆ ಎಲ್ಲದರಲ್ಲೂ ಎರಡು ಕೈ ಬೇರೆ ಬೇರೆ ಎಂದು ಅವರು 2002ರ ತಮ್ಮ ಪುಸ್ತಕದಲ್ಲಿ ತೋರಿಸಿಕೊಟ್ಟರು. ಎಲಿಂಗ್ಟನ್ ತಂಡ ಎಂದೂ ರೆಕಾರ್ಡ್ ಮಾಡದ ಎಷ್ಟೋ ಸ್ಟ್ರೇಹಾರ್ನ್ ರಚನೆಗಳು ಆ ಹುಡುಕಾಟದಲ್ಲಿ ಸಿಕ್ಕವು. 1990ರ ದಶಕದ ನಡುವಿನಿಂದ ಡಚ್ ಜಾಝ್ ಆರ್ಕೆಸ್ಟ್ರಾ ಅವನ್ನು ನುಡಿಸಿ ಹೊರತಂದಿತು. 2018ರಲ್ಲಿ ಸ್ಟ್ರೇಹಾರ್ನ್ ಕಾಗದಪತ್ರಗಳು ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ ಸೇರಿದವು. ಲಿಂಕನ್ ಸೆಂಟರಿನ ಜಾಝ್ ವಿಭಾಗ ಹೈಸ್ಕೂಲು ಬ್ಯಾಂಡುಗಳಿಗೆ ಕಳಿಸುವ ಎಲಿಂಗ್ಟನ್ ಸಂಗ್ರಹದ ಸ್ವರಪತ್ರಗಳಲ್ಲಿ ಅವರ ರಚನೆಗಳೂ ಇರುತ್ತವೆ. ಎರಡನೆಯ ಟ್ರಾಂಬೋನು ನುಡಿಸುವ ಹುಡುಗಿಯೊಬ್ಬಳು ತನ್ನ ಪಾಲಿನ ಸಾಲು ಬರೇ ಭರ್ತಿಗೆ ಹಾಕಿದ್ದಲ್ಲ, ಅದನ್ನೇ ಒಂಟಿಯಾಗಿ ನುಡಿಸಿದರೂ ಹಾಡಿನ ಹಾಗಿದೆ ಎಂದು ಅಭ್ಯಾಸದಲ್ಲಿ ಕಂಡುಕೊಂಡರೆ, ಪುಟದ ಮೇಲ್ತುದಿಯಲ್ಲಿ ಅದನ್ನು ಬರೆದವರ ಹೆಸರು ಈಗ ಅಚ್ಚಾಗಿದೆ.